ಉಣುಗೋಲಿನ ಆಚೆ ನಿಂತ ತವರಿನ ದನಗಳು

ಆ ವರ್ಷ ಗುಡ್ಡ ಕಾಯುವ ಪಾಳಿ ನಮ್ಮ ಮನೆಗೆ ಬಂದಿತ್ತು. ಮದುವೆಯಾಗಿ ಬಾಳೂರಿನ ಮೇಲಿನ ಆ ಊರಿಗೆ ನಾನು ಬಂದ ಮೇಲಿನ ಎರಡನೆಯ ಬೇಸಿಗೆ ಅದು. ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿತ್ತು, ಸೀಮೆಎಣ್ಣೆಗೂ ಬಟ್ಟೆಗೂ ಪರದಾಟವಿತ್ತು. ಆದರೆ ನಮ್ಮೂರಿನವರು ಯುದ್ಧಕ್ಕಿಂತ ಹೆಚ್ಚು ಹೆದರಿದ್ದು ದನಗಳ ದೊಡ್ಡರೋಗಕ್ಕೆ. ಚಾರ್ಮಾಡಿ ಘಾಟಿ ಹತ್ತಿ ಬರುವ ಗಾಡಿ ಎತ್ತುಗಳಿಗೆ ಅದು ತಗಲಿದೆಯಂತೆ, ಕೊಟ್ಟಿಗೆಹಾರದಲ್ಲಿ ಎತ್ತುಗಳು ನೊಗದಲ್ಲೇ ಕುಸಿಯುತ್ತಿವೆಯಂತೆ ಎಂಬ ಸುದ್ದಿ ಸಂಕ್ರಾಂತಿ ಕಳೆಯುತ್ತಲೇ ಬಂತು. ನನ್ನ ಅತ್ತೆ ಹುಡುಗಿಯಾಗಿದ್ದಾಗ ಆ ರೋಗವನ್ನು ಕಂಡವರು. ಮೊದಲು ಕಣ್ಣಲ್ಲಿ ನೀರು, ಆಮೇಲೆ ಬಾಯಲ್ಲಿ ಜೊಲ್ಲು, ಆಮೇಲೆ ಭೇದಿ, ಅಷ್ಟೇ ಎಂದು ಹೇಳುವಾಗ ಅವರ ದನಿ ಇಳಿದುಹೋಗುತ್ತಿತ್ತು. ಅವರ ತವರಿನಲ್ಲಿ ಆ ವರ್ಷ ಗದ್ದೆ ಉಳಲು ಒಂದು ಜೊತೆ ಎತ್ತೂ ಉಳಿದಿರಲಿಲ್ಲವಂತೆ.

ಊರೆಂದರೆ ಹತ್ತು ಹನ್ನೆರಡು ಮನೆ. ಮನೆಗಳ ಕೆಳಗೆ ಗದ್ದೆ, ಪಕ್ಕದಲ್ಲಿ ಅಷ್ಟಿಷ್ಟು ಕಾಫಿ, ಮೇಲೆ ಹುಲ್ಲಿನ ಗುಡ್ಡ. ಗುಡ್ಡ ಯಾರೊಬ್ಬರದೂ ಅಲ್ಲ, ಎಲ್ಲರ ದನಗಳೂ ಅಲ್ಲೇ ಮೇಯಬೇಕು. ಅದಕ್ಕೇ ಅದಕ್ಕೊಂದು ಕಟ್ಟುಪಾಡಿತ್ತು. ದೀಪಾವಳಿ ಆದ ಮೇಲೆ ಗುಡ್ಡದ ಆಚೆ ಮಗ್ಗುಲಿಗೆ ಒಂದು ದನವೂ ಹೋಗಕೂಡದು. ಅಲ್ಲಿ ಹುಲ್ಲು ಬೆಳೆದು ಬೀಜ ಉದುರಿಸಿದ ಮೇಲೆ ಎಲ್ಲರೂ ಸೇರಿ ಕುಯ್ದು ಮನೆಗಳಿಗೆ ಹೊದಿಸಲು ಹಂಚಿಕೊಳ್ಳುತ್ತಿದ್ದರು. ಬೇರೆ ಊರಿನ ಕಿಚ್ಚು ಹಾರಿ ಬರದಂತೆ ಮನೆಗೊಬ್ಬರು ಹೋಗಿ ಸುತ್ತಲಿನ ಹುಲ್ಲು ಕಡಿದು ಬೆಂಕಿ ಗೆರೆ ಸವರುತ್ತಿದ್ದರು. ಹೊರಗಿನ ದನಗಳಿಗೆ ಪ್ರವೇಶವಿಲ್ಲ. ಬಾಳೂರು ರಸ್ತೆಯಿಂದ ಗುಡ್ಡಕ್ಕೆ ಹತ್ತುವ ಬಾಯಲ್ಲಿ ಕಲ್ಲಿನ ಗೋಡೆ, ನಡುವೆ ಎರಡು ಕಲ್ಲುಕಂಬ, ಕಂಬದ ತೂತುಗಳಲ್ಲಿ ಅಡ್ಡ ಸಿಕ್ಕಿಸಿದ ಮರದ ಉಣುಗೋಲು. ವರ್ಷಕ್ಕೊಂದು ಮನೆಯವರು ಅದನ್ನು ಕಾಯಬೇಕು. ಆ ವರ್ಷದ ಮಟ್ಟಿಗೆ ಉಣುಗೋಲು ತೆಗೆಯುವುದೂ ತೆಗೆಯದಿರುವುದೂ ಆ ಮನೆಯವರ ಮೇಲೆ. ಮಾವ ತೀರಿಕೊಂಡಿದ್ದರಿಂದ ಆ ಕೆಲಸ ನನ್ನ ಗಂಡನ ಪಾಲಿಗೆ ಬಂದಿತ್ತು.

ಒಂದು ಮಧ್ಯಾಹ್ನ ಅವರಿಗೆ ರೊಟ್ಟಿ ತೆಗೆದುಕೊಂಡು ಹೋದೆ. ದೂರದಿಂದಲೇ ಜೋರು ಮಾತು ಕೇಳಿಸಿತು. ಒಂದು ದನಿ ನನ್ನ ಗಂಡನದು, ಇನ್ನೊಂದು ನನ್ನ ಅಣ್ಣನದು.

ನನ್ನ ತವರು ಬಣಕಲ್ ಕಡೆ. ಅಣ್ಣ ಮುನ್ಸೂಚನೆ ಇಲ್ಲದೆ ಬರುವವನಲ್ಲ. ಓಡಿದೆ. ಉಣುಗೋಲಿನ ಆಚೆ ರಸ್ತೆಯ ಮೇಲೆ ಅಣ್ಣ ನಿಂತಿದ್ದ, ಹಿಂದೆ ತವರಿನ ಕೊಟ್ಟಿಗೆಯ ಅಷ್ಟೂ ದನಗಳು. ಸೊಂಟದ ಮೂಳೆ ಎಣಿಸಬಹುದಾದಷ್ಟು ಬಡಕಲಾಗಿದ್ದವು. ಮದುವೆಗೆ ಮುಂಚೆ ನಾನೇ ಹಾಲು ಕರೆಯುತ್ತಿದ್ದ ಕಪ್ಪು ಹಸು ನನ್ನ ಗುರುತು ಹಿಡಿದು ಮೂತಿ ಎತ್ತಿತು.

"ತಂಗೀ, ನೀನಾದ್ರೂ ಹೇಳು ಇವ್ರಿಗೆ," ಎಂದ ಅಣ್ಣ. "ನಮ್ಮ ಗೋಮಾಳಕ್ಕೆ ಬಿಳಿ ದೊರೆಗಳ ಎಸ್ಟೇಟ್‌ನೋರು ತಂತಿ ಬೇಲಿ ಹಾಕಿದ್ರು. ಒಳಗೆ ಕಾಲಿಟ್ಟ ದನ ಎಲ್ಲಾ ದೊಡ್ಡಿಗೆ ಹೋಗ್ತಾವೆ. ದಂಡ ಕಟ್ಟಿ ಬಿಡಿಸ್ಕೊಂಡು ಬಿಡಿಸ್ಕೊಂಡು ಸಾಕಾಯ್ತು. ಮಳೆ ಬರೋವರೆಗೆ ಇಲ್ಲಿ ಮೇಯ್ಲಿ ಅಂತ ಹೊಡ್ಕೊಂಡು ಬಂದೆ. ಭಾವ ಉಣುಗೋಲು ತೆಗೆಯಲ್ಲ ಅಂತಾರೆ!"

ನನ್ನ ಗಂಡ ನನ್ನ ಕಡೆ ನೋಡಲಿಲ್ಲ. "ಭಾವ, ನಿನ್ನೆ ರಾತ್ರಿ ಎಲ್ಲಿ ತಂಗಿದ್ರಿ? ಅದೊಂದು ಹೇಳಿ," ಎಂದರು.

ಅಣ್ಣ ಕಪ್ಪು ಹಸುವಿನ ಬೆನ್ನು ಸವರತೊಡಗಿದ. ಅಷ್ಟರಲ್ಲೇ ನನಗೆ ಗೊತ್ತಾಯಿತು.

"ಕೊಟ್ಟಿಗೆಹಾರದಲ್ಲಿ," ಎಂದ ಕೊನೆಗೆ. "ಮತ್ತೆಲ್ಲಿ ತಂಗೋದು? ದಾರಿ ಇರೋದು ಅದೊಂದೇ ಅಲ್ವಾ?"

"ಗಾಡಿಯೋರು ಎತ್ತು ಬಿಡೋ ಬಯಲಲ್ಲೇನಾ?"

"ಹೌದು ಮಾರಾಯ್ರೇ, ಅಲ್ಲೇ. ಅದಕ್ಕೇನೀಗ? ನನ್ನ ದನ ಚೆನ್ನಾಗಿದಾವೆ."

ದನಗಳಿಗೆ ಬಾಯಾರಿಕೆ. ರಸ್ತೆಯ ಪಕ್ಕದಲ್ಲೇ ನಮ್ಮೂರಿಗೆ ಇಳಿಯುವ ಹಳ್ಳ. ನಾವು ಮಾತನಾಡುತ್ತಿದ್ದಂತೆ ಕಪ್ಪು ಹಸು ನೀರಿನ ವಾಸನೆ ಹಿಡಿದು ಆ ಕಡೆ ತಿರುಗಿತು, ಉಳಿದವೂ ಹಿಂದೆ ಹೊರಟವು. ನನ್ನ ಗಂಡ ಗೋಡೆ ಹತ್ತಿ ಹಳ್ಳದ ದಂಡೆಗೆ ಹಾರಿ ಬಡಿಗೆ ಅಡ್ಡ ಹಿಡಿದರು. ಹಸುವಿನ ಮೂತಿಯ ಮುಂದೆ ಬಡಿಗೆ ಬೀಸಿದ್ದೇ ತಡ, ಅಣ್ಣ ಅವರ ಎದೆಗೆ ಕೈಯಿಟ್ಟು ನೂಕಿದ. ಅವರು ಕಲ್ಲಿನ ಮೇಲೆ ಬಿದ್ದರು. ಮೊಣಕೈ ಒಡೆದು ರಕ್ತ ಬಂತು. ಎದ್ದವರು ತಿರುಗಿ ಹೊಡೆಯಲಿಲ್ಲ, ಮತ್ತೆ ಅಲ್ಲೇ ಬಡಿಗೆ ಹಿಡಿದು ನಿಂತರು.

"ಈ ನೀರು ಊರಿನ ಎಲ್ಲಾ ಕೊಟ್ಟಿಗೆಗೂ ಹೋಗುತ್ತೆ ಭಾವ. ನನ್ನ ಕೊಂದ್ರೂ ಇಲ್ಲಿ ಕುಡಿಯೋಕೆ ಬಿಡಲ್ಲ."

"ನೀರಿಗೂ ದಾರಿದ್ರ್ಯವಾ ನಿಮ್ಮೂರಲ್ಲಿ!" ಎಂದು ಅಣ್ಣ ಕೂಗಿದ. ಅವನ ತುಟಿ ಒಣಗಿ ಬಿರಿದಿತ್ತು. ಅವನಿಗೂ ಯಾರೂ ಒಂದು ತಂಬಿಗೆ ನೀರು ಕೊಟ್ಟಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು.

ನಾನು ಮನೆಗೆ ಓಡಿ ಅತ್ತೆಗೆ ವಿಷಯ ಹೇಳಿ ಕೊಡ ಎತ್ತಿಕೊಂಡೆ. ಅತ್ತೆ ಏನೂ ಕೇಳದೆ ತಾವೂ ಒಂದು ಕೊಡ ತೆಗೆದುಕೊಂಡರು. ಹಳ್ಳದ ಮೇಲ್ಗಡೆಯಿಂದ ನೀರು ತುಂಬಿ ತಂದು, ರಸ್ತೆಯ ಮೇಲೆ ಹಳೆಯ ಮರದ ಬಾನಿಯಿಟ್ಟು ಸುರಿದೆವು. ದನಗಳು ಒಂದರ ಮೇಲೊಂದು ಬಿದ್ದು ಕುಡಿದವು. ಬಾನಿ ತುಂಬಿದಷ್ಟೂ ಬರಿದಾಗುತ್ತಿತ್ತು. ಅಣ್ಣನ ಕೈಗೆ ತಂಬಿಗೆ ಕೊಡಲು ಹೋದಾಗ ಅತ್ತೆ ನನ್ನ ರಟ್ಟೆ ಹಿಡಿದರು. "ಕಲ್ಲಿನ ಮೇಲಿಡು ಮಗಾ, ಅದು ಆ ದನ ಮುಟ್ಟಿದ ಕೈ. ಅವ್ನು ತಗೊಳ್ತಾನೆ." ನನ್ನ ಸ್ವಂತ ಅಣ್ಣನಿಗೆ ನೀರನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದೆ. 

ಸುದ್ದಿ ಹಬ್ಬಿ ಸಂಜೆಯಾಗುವ ಮುಂಚೆಯೇ ಊರಿನವರೆಲ್ಲ ಉಣುಗೋಲಿನ ಹತ್ತಿರ ಸೇರಿದರು. ಊರಿಗೆ ಹಿರಿಯರೆಂದರೆ ಮೇಲ್ಮನೆಯ ಅಜ್ಜಯ್ಯ. ಅವರು ಗೋಡೆಯ ಮೇಲೆ ಕೂತರು. ಎಲ್ಲರಿಗಿಂತ ಜೋರಾಗಿ ಮಾತನಾಡಿದವಳು ಕೆಳಮನೆಯ ಅಕ್ಕ. ಗಂಡ ಕಾಯಿಲೆ ಬಿದ್ದವನು, ಒಂದು ಜೊತೆ ಎತ್ತು, ಎರಡು ಹಸುಗಳ ಮೇಲೆ ಸಂಸಾರ ನಡೆಸುತ್ತಿದ್ದವಳು.

"ಬಂದ ದಾರೀಲೇ ಹೊಡೀಲಿ," ಎಂದಳು ಅವಳು. "ನೆಂಟರು ಅಂತ ಇವತ್ತು ಬಿಟ್ರೆ ನಾಳೆ ನಮ್ಮ ಕೊಟ್ಟಿಗೆಗೆ ಯಾರು ದನ ತಂದು ಕಟ್ತಾರೆ?"

ಹಲವರು ಹೌದು ಹೌದು ಎಂದರು. ಅಣ್ಣ ರಸ್ತೆಯ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ನನ್ನ ಗಂಡ ಉಣುಗೋಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಅವರು ಒಂದು ಮಾತಾದರೂ ಅಣ್ಣನ ಪರವಾಗಿ ಆಡಲೆಂದು ನಾನು ಕಾದೆ. ಆಡಲಿಲ್ಲ.

ಆಡಿದವರು ಅತ್ತೆ. "ಹೊಡೆದ್ರೆ ಎಲ್ಲಿಗೆ ಹೋಗ್ತಾವೆ? ಮುಂದೆ ಹೋದ್ರೆ ಕಳಸದ ಕಡೆ ಊರು. ಹಿಂದೆ ಹೋದ್ರೆ ಮತ್ತೆ ಅದೇ ಕೊಟ್ಟಿಗೆಹಾರ. ರೋಗ ಇದ್ರೆ ದಾರಿಯುದ್ದಕ್ಕೂ ಉದುರಿಸ್ಕೊಂಡು ಹೋಗ್ತಾವೆ. ಇನ್ನೊಂದು ಊರಿನೋರು ಹೀಗೇ ನಮ್ಮ ಕಡೆ ಹೊಡೆದ್ರೆ?"

"ಹಾಗಾದ್ರೆ ಎಂತ ಮಾಡೋದು ಅಂತೀರಿ?" ಎಂದರು ಅಜ್ಜಯ್ಯ.

"ರಸ್ತೆಯಾಚೆ ನಮ್ಮ ಹಾಡ್ಯ ಉಂಟಲ್ಲ. ಸುತ್ತ ಆಳಕ್ಕೆ ತೋಡಿದ ಅಗಳು ಇದೆ. ಒಳಗಿನ ಒರತೆ ನೀರು ಆ ಕಡೆ ಕಣಿವೆಗೆ ಹೋಗುತ್ತೆ, ಅಲ್ಲಿ ಮನೆಯಿಲ್ಲ. ಅಲ್ಲಿ ಇರ್ಲಿ. ರೋಗ ಇಲ್ಲ ಅಂತ ಗೊತ್ತಾಗೋವರೆಗೆ ಅವ್ನೂ ಹೊರಗೆ ಬರೋದು ಬೇಡ, ನಾವೂ ಒಳಗೆ ಹೋಗೋದು ಬೇಡ."

ಹಾಡ್ಯವೆಂದರೆ ನಮ್ಮ ಮನೆಯ ಸೊಪ್ಪಿನ ಕಾಡು. ಕೊಟ್ಟಿಗೆಗೆ ಹಾಸುವ ಸೊಪ್ಪು, ಗದ್ದೆಯ ಗೊಬ್ಬರ ಎಲ್ಲಾ ಅದರಿಂದಲೇ. ಹಸಿದ ದನಗಳನ್ನು ಒಳಗೆ ಬಿಟ್ಟರೆ ಕೈಗೆಟುಕುವ ಚಿಗುರು ಒಂದೂ ಉಳಿಯುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಎದುರಾಡಲಿಲ್ಲ. ಕೆಳಮನೆಯ ಅಕ್ಕ ಮಾತ್ರ, "ಹೇಳಿದ್ದೀನಿ, ಒಂದು ದನದ ಕಣ್ಣಲ್ಲಿ ನೀರು ಬಂದ್ರೂ ಮುಚ್ಚಿಡಬಾರ್ದು," ಎಂದು ನನ್ನ ಮುಖ ನೋಡಿ ಹೇಳಿ ಹೋದಳು. ಅಗಳಿನ ಈಚೆ ಮನೆಗೊಬ್ಬರಂತೆ ಸರದಿಯ ಮೇಲೆ ಕಾವಲಿರಬೇಕು ಎಂದು ಅಜ್ಜಯ್ಯ ತೀರ್ಮಾನ ಹೇಳಿದರು.

ಆಮೇಲಿನ ದಿನಗಳು ಉಸಿರು ಬಿಗಿಹಿಡಿದ ಹಾಗೆ ಕಳೆದವು. ದಿನಾ ಅಗಳಿನ ದಂಡೆಯ ಕಲ್ಲಿನ ಮೇಲೆ ಊಟವಿಟ್ಟು ದೂರ ಸರಿಯುತ್ತಿದ್ದೆ. ಅಣ್ಣ ಬಂದು ತೆಗೆದುಕೊಂಡು, ತಿಂದು, ಬಾಳೆಲೆಯನ್ನು ತನ್ನ ಕಡೆಯೇ ಸುಡುತ್ತಿದ್ದ. ನನ್ನ ಜೊತೆ ಒಂದೆರಡು ಮಾತು. ನನ್ನ ಗಂಡನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮನೆಯಲ್ಲಿ ನಾನೂ ಅವರ ಜೊತೆ ಬೇಕಾದ್ದಕ್ಕಿಂತ ಹೆಚ್ಚು ಮಾತನಾಡುತ್ತಿರಲಿಲ್ಲ. ಅವರು ಸರಿಯಾದದ್ದನ್ನೇ ಮಾಡಿದ್ದಾರೆಂದು ತಲೆಗೆ ಗೊತ್ತಾಗುತ್ತಿತ್ತು. ಅಣ್ಣ ಕೈಚಾಚಿ ಕಲ್ಲಿನ ಮೇಲಿನ ಅನ್ನ ತೆಗೆದುಕೊಳ್ಳುವುದನ್ನು ಕಂಡಾಗ ಅದೆಲ್ಲ ಮರೆತುಹೋಗುತ್ತಿತ್ತು.

ಊರಿನ ದನಗಳು ಸಂಜೆ ಗುಡ್ಡದಿಂದ ಇಳಿದಾಗ ಪ್ರತಿ ಮನೆಯಲ್ಲೂ ಹೆಂಗಸರು ಅವುಗಳ ಕಣ್ಣು ಬಾಯಿ ನೋಡುತ್ತಿದ್ದರು. ಒಂದು ಎತ್ತು ಕೆಮ್ಮಿದರೆ ಊರೆಲ್ಲ ಸೇರುತ್ತಿತ್ತು. ಬಾಳೂರಿನಿಂದ ಬಂದವರು ರಸ್ತೆಬದಿಯ ಇನ್ನೊಂದು ಊರಿನಲ್ಲಿ ರೋಗ ಬಿದ್ದ ಸುದ್ದಿ ತಂದರು. ಚಿಕ್ಕಮಗಳೂರಿನಿಂದ ದನದ ಡಾಕ್ಟರನ್ನು ಕರೆತರಲು ಅಜ್ಜಯ್ಯ ತಮ್ಮ ಮಗನನ್ನು ಕಳಿಸಿದರು. ಆದರೆ ಎಲ್ಲ ಊರಿನವರೂ ಅವರನ್ನೇ ಕರೆಯುತ್ತಿದ್ದರು, ಯಾವಾಗ ಬರುತ್ತಾರೋ ಹೇಳುವಂತಿರಲಿಲ್ಲ.

ಒಂದು ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದಾಗ ಕಾವಲಿನವರು ಇನ್ನೂ ಬಂದಿರಲಿಲ್ಲ. ಅಣ್ಣ ಅಗಳಿನ ಅಂಚಿನಲ್ಲೇ ನನಗಾಗಿ ಕಾಯುತ್ತಿದ್ದ. ಮುಖ ಬಿಳಿಚಿಕೊಂಡಿತ್ತು.

"ಕಪ್ಪು ಹಸುವಿನ ಕಡಸು," ಎಂದ ತಗ್ಗಿದ ದನಿಯಲ್ಲಿ. "ರಾತ್ರಿಯಿಂದ ಮೇವು ಮುಟ್ಟಿಲ್ಲ. ಕಣ್ಣಲ್ಲಿ ನೀರು."

ನಾನು ಅವನ ಹಿಂದೆ ಹಾಡ್ಯದೊಳಗೆ ಇಣುಕಿದೆ.

"ಬರೀ ನೆಗಡಿ ಇದ್ರೂ ಇರ್ಬೋದು," ಎಂದು ಅವಸರದಿಂದ ಹೇಳಿದ. "ಕೇಳು. ಅದೊಂದನ್ನ ಇಲ್ಲೇ ಬಿಟ್ಟು ಉಳಿದವನ್ನ ಆ ಕಡೆ ಕಣಿವೆಗೆ ಇಳಿಸಿ ಕಳಸದ ದಾರಿ ಹಿಡೀತೀನಿ. ಇಲ್ಲೇ ಇದ್ರೆ ಎಲ್ಲಾ ಸಾಯ್ತಾವೆ. ಮಧ್ಯಾಹ್ನದವರೆಗೆ ಯಾರಿಗೂ ಹೇಳ್ಬೇಡ. ಅಷ್ಟೇ ಸಾಕು ನನಗೆ. ಅಮ್ಮನಿಗೆ ಬರಿಗೈಲಿ ಹೇಗೆ ಮುಖ ತೋರಿಸ್ಲಿ?"

ಅಮ್ಮನ ಹೆಸರೆತ್ತಿದ್ದೇ ನನಗೆ ಅಳು ಬಂತು. ಆ ದನಗಳಲ್ಲಿ ಅರ್ಧದಷ್ಟು ಅಮ್ಮನೇ ಬಾಣಂತಿಗೆ ಮಾಡಿದಂತೆ ಆರೈಕೆ ಮಾಡಿ ಬೆಳೆಸಿದವು. ಆದರೆ ಕಳಸದ ದಾರಿಯಲ್ಲಿ ಇನ್ನೆಷ್ಟು ಕೊಟ್ಟಿಗೆಗಳಿವೆ, ಅಲ್ಲಿ ಇನ್ನೆಷ್ಟು ಅಮ್ಮಂದಿರಿದ್ದಾರೆ ಎಂಬುದೂ ಅದೇ ಗಳಿಗೆಯಲ್ಲಿ ಕಣ್ಣಿಗೆ ಕಟ್ಟಿತು.

"ಅಣ್ಣಯ್ಯ, ನೀನೇ ಕೂಗಿ ಹೇಳು," ಎಂದೆ. "ನಾನು ಹೇಳಿದ್ರೆ ನೀನು ಜೀವಮಾನ ಪೂರ್ತಿ ನನ್ನ ಮನೆ ಮೆಟ್ಟಿಲು ಹತ್ತಲ್ಲ. ಹೇಳ್ದೇ ಇದ್ರೆ ನಾನು ಈ ಊರಲ್ಲಿ ತಲೆಯೆತ್ತಿ ಓಡಾಡೋಕೆ ಆಗಲ್ಲ. ನೀನೇ ಹೇಳು."

"ನಿನಗೆ ಗಂಡನ ಊರೇ ದೊಡ್ಡದಾಯ್ತಲ್ಲ!"

ನಾನು ಗಂಜಿಯ ಪಾತ್ರೆ ಕಲ್ಲಿನ ಮೇಲಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನೀನು ಹೇಳುವವರೆಗೆ ಏಳುವುದಿಲ್ಲ, ನೀನು ಹೊರಟರೆ ನಾನೇ ಕೂಗುತ್ತೇನೆ ಎಂಬುದು ಅವನಿಗೆ ಅರ್ಥವಾಯಿತು. ಅಣ್ಣ ಹಾಡ್ಯದೊಳಗೆ ಹೋದ, ಮತ್ತೆ ಬಂದ, ಮತ್ತೆ ಹೋದ. ದನಗಳನ್ನು ಒಟ್ಟುಗೂಡಿಸುವ ಸದ್ದು ಕೇಳಿ ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಒಬ್ಬನೇ ಅಗಳಿನ ಅಂಚಿಗೆ ಬಂದು, ಗುಡ್ಡದ ಬಾಯಿಯ ಕಡೆ ತಿರುಗಿ ಎರಡೂ ಕೈ ಬಾಯಿಗಿಟ್ಟು ಕೂಗಿದ.

"ಭಾವಾ! ಓ ಭಾವಾ! ರೋಗ ಬಿದ್ದಿದೆ! ಎಲ್ಲಾರ್ಗೂ ಹೇಳಿ!"

ಊರಿನವರು ಕತ್ತಿ ಬಡಿಗೆ ಸಮೇತ ಓಡಿ ಬಂದರು. ಕೆಲವರು ಸಿಟ್ಟಿನಲ್ಲಿ ಅಣ್ಣನನ್ನು ಬಾಯಿಗೆ ಬಂದಂತೆ ಬೈದರು. ಅಜ್ಜಯ್ಯ ಎಲ್ಲರನ್ನೂ ಗದರಿ ಸುಮ್ಮನಾಗಿಸಿದರು. "ಅವ್ನು ಮುಚ್ಚಿಡಲಿಲ್ಲವಲ್ಲ. ಈಗ ಮಾಡೋ ಕೆಲಸ ನೋಡಿ," ಎಂದರು. ಊರಿನ ದನಗಳನ್ನು ಹಾಡ್ಯದಿಂದ ಆದಷ್ಟು ದೂರ ಒಯ್ಯಬೇಕಿತ್ತು. ಅದಕ್ಕಿದ್ದ ಜಾಗ ಒಂದೇ, ಗುಡ್ಡದ ಆಚೆ ಮಗ್ಗುಲು. ಹುಲ್ಲು ಇನ್ನೂ ಕುಯ್ದಿರಲಿಲ್ಲ. ದನಗಳು ತುಳಿದು ಮೇಯ್ದರೆ ಆ ವರ್ಷ ಮನೆಗಳಿಗೆ ಹೊದಿಕೆ ಇಲ್ಲ. ಅಜ್ಜಯ್ಯ ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೆಳಮನೆಯ ಅಕ್ಕನ ಹುಲ್ಲಿನ ಮಾಡು ಆಗಲೇ ತೂತು ಬಿದ್ದಿತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ಹೊಡೀರಿ, ಇನ್ನೆಂತ ನೋಡ್ತೀರಿ," ಎಂದು ತಾನೇ ಮೊದಲು ತನ್ನ ಹಸುಗಳ ಹಗ್ಗ ಬಿಚ್ಚಲು ಹೋದಳು.

ಕಡಸು ಸತ್ತಿತು. ಅದರ ಹಿಂದೆಯೇ ಕಪ್ಪು ಹಸು ಮಲಗಿತು. ಅಣ್ಣ ಒಬ್ಬನೇ ಗುಂಡಿ ತೋಡುವುದನ್ನು ನಾವು ಅಗಳಿನ ಈಚೆಯಿಂದ ನೋಡುತ್ತಿದ್ದೆವು. ನೆಲ ಗಟ್ಟಿ, ಗುಂಡಿ ಆಳವಾಗದಿದ್ದರೆ ನರಿ ನಾಯಿ ಎಳೆದು ಊರೆಲ್ಲ ಹರಡುತ್ತವೆ. ಅವನು ಸತ್ತ ಹಸುವಿನ ಕಾಲಿಗೆ ಹಗ್ಗ ಕಟ್ಟಿ ಎಳೆದ, ಅದು ಅಲುಗಲಿಲ್ಲ. ಮತ್ತೆ ಎಳೆದ, ಜಾರಿ ಬಿದ್ದ, ಎದ್ದೇಳದೆ ಹಾಗೇ ಕೂತ.

ನನ್ನ ಗಂಡ ಹೆಗಲ ಮೇಲಿನ ಕಂಬಳಿ ತೆಗೆದು ಅತ್ತೆಯ ಕೈಗೆ ಕೊಟ್ಟರು. ಗುದ್ದಲಿಯನ್ನು ಮೊದಲು ಆಚೆ ಎಸೆದು, ತಾವೂ ಅಗಳು ಇಳಿದು ಆ ಕಡೆ ಹತ್ತಿದರು. ಒಮ್ಮೆ ಒಳಗೆ ಹೋದವರು ರೋಗ ಕಳೆಯುವವರೆಗೆ ವಾಪಸು ಬರುವ ಹಾಗಿಲ್ಲ.  ಅತ್ತೆ ಕಂಬಳಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, "ಇನ್ನು ಮೇಲೆ ಇಬ್ಬರಿಗೆ ಅನ್ನ ಇಡು ಮಗಾ," ಎಂದರು. ಉಣುಗೋಲಿನ ಪಾಳಿಗೆ ಅವತ್ತಿನಿಂದ ಅತ್ತೆಯೇ ಹೋಗಿ ಕೂತರು.

ಆಚೆ ನನ್ನ ಗಂಡ ಅಣ್ಣನ ಪಕ್ಕ ನಿಂತು ಹಗ್ಗ ಹಿಡಿದರು. ಇಬ್ಬರೂ ಸೇರಿ ಎಳೆದರು.

ಒಂದಾದ ಮೇಲೊಂದು ಹೋದವು. ಇಬ್ಬರೂ ಹೂಳುತ್ತಲೇ ಇದ್ದರು. ಮಣ್ಣಿನ ಮೇಲೆ ಮುಳ್ಳು, ಮುಳ್ಳಿನ ಮೇಲೆ ಕಲ್ಲು ಹೇರಿದರು. ಡಾಕ್ಟರು ಬಂದು ಊರಿನ ದನಗಳಿಗೆ ಚುಚ್ಚುಮದ್ದು ಕೊಟ್ಟು ಹೋಗುವ ಹೊತ್ತಿಗೆ ಹಾಡ್ಯದಲ್ಲಿ ಒಂದು ಮುದಿ ಹಸು, ಒಂದು ಹೋರಿಗರು ಮಾತ್ರ ಉಳಿದಿದ್ದವು. ಕಾಫಿ ಹೂವಿನ ಮಳೆ ಬಿದ್ದು, ತೋಟಗಳೆಲ್ಲ ಬೆಳ್ಳಗಾಗಿ, ಮೇಲಕ್ಕೆಲ್ಲ ಆ ವಾಸನೆ ಬರುತ್ತಿತ್ತು. ನಮಗೆ ಅದನ್ನು ಮೂಸುವ ಮನಸ್ಸಿರಲಿಲ್ಲ. ಆದರೆ ಊರಿನ ಒಂದು ದನಕ್ಕೂ ರೋಗ ದಾಟಲಿಲ್ಲ. ಕಳಸದ ದಾರಿಯ ಊರುಗಳಿಗೂ ನಮ್ಮ ಕಡೆಯಿಂದ ಅದು ಹೋಗಲಿಲ್ಲ.

ಹಾಡ್ಯದಿಂದ ಹೊರಗೆ ಬಂದ ದಿನ ಇಬ್ಬರೂ ಒರತೆಯಲ್ಲಿ ಮಿಂದು, ಉಟ್ಟ ಬಟ್ಟೆ ಸುಟ್ಟು, ಅತ್ತೆ ಎಸೆದ ಬೇರೆ ಬಟ್ಟೆ ಉಟ್ಟು ಬಂದರು. ಇಬ್ಬರಿಗೂ ಗಡ್ಡ ಬೆಳೆದಿತ್ತು. ಉಳಿದ ಎರಡನ್ನಾದರೂ ಮಳೆಗಾಲದವರೆಗೆ ಗುಡ್ಡಕ್ಕೆ ಬಿಡಬಹುದೇ ಎಂದು ನನ್ನ ಗಂಡ ಊರಿನವರನ್ನು ಕೇಳಿದರು. ಕೆಳಮನೆಯ ಅಕ್ಕ ತಲೆ ಆಡಿಸಿದಳು. "ಸಿಟ್ಟಿನಿಂದ ಹೇಳ್ತಿಲ್ಲ. ಆಚೆ ಮಗ್ಗುಲು ಪೂರ್ತಿ ತುಳಿದುಹೋಗಿದೆ. ಈಚೆ ಹುಲ್ಲು ನಮ್ಮವಕ್ಕೇ ಸಾಲಲ್ಲ. ಈ ವರ್ಷ ಬೇಡ."

ನನ್ನ ಗಂಡ ವಾದ ಮಾಡಲಿಲ್ಲ. ಅಣ್ಣನೂ ಮಾಡಲಿಲ್ಲ. "ಅಕ್ಕ ಹೇಳಿದ್ದು ಸರಿ," ಎಂದಷ್ಟೇ ಹೇಳಿ ಆ ಎರಡನ್ನೇ ಹೊಡೆದುಕೊಂಡು ಬಣಕಲ್ಲಿಗೆ ಹೊರಟ. ನನ್ನ ಗಂಡ ಬಾಳೂರಿನವರೆಗೆ ಅವನ ಜೊತೆ ನಡೆದು ಹೋದರು.  ಆ ಮಳೆಗಾಲ ಊರಿನಲ್ಲಿ ಸೋರದ ಮನೆಯಿರಲಿಲ್ಲ. ಕೆಳಮನೆಯ ಅಕ್ಕನಿಗೆ ನಮ್ಮ ಗದ್ದೆಯ ಹುಲ್ಲಿನಲ್ಲಿ ಅರ್ಧ ಕೊಟ್ಟೆವು. ತೆಗೆದುಕೊಂಡಳು, ಆದರೆ ನನ್ನ ಜೊತೆ ಮೊದಲಿನಂತೆ ಕೂತು ಹರಟಲು ಅವಳಿಗೆ ಬಹಳ ದಿನ ಬೇಕಾಯಿತು.

ದೊರೆಗಳ ತಂತಿ ಬೇಲಿ ಅಣ್ಣನ ಊರಿನಲ್ಲಿ ಇದ್ದಲ್ಲೇ ಉಳಿಯಿತು. ಅದರ ಹೊರಗೆ ಉಳಿದ ಒಂದು ತುಂಡು ದಿನ್ನೆಯನ್ನು ಅಲ್ಲಿನ ಮನೆಗಳವರು ಪಾಳಿಯ ಮೇಲೆ ಕಾಯಲು ಶುರುಮಾಡಿದರು. ಆ ಪಾಳಿ ಹುಟ್ಟುಹಾಕಿದವನು ಅಣ್ಣ. ಮುಂದಿನ ಬೇಸಿಗೆಯಲ್ಲಿ ನಮ್ಮ ಬೆಂಕಿ ಗೆರೆ ಸವರುವ ಕೆಲಸಕ್ಕೆ ಕತ್ತಿ ಹಿಡಿದು ಬಂದಾಗ ಅವನೇ ಹೇಳಿದ. ಮೊದಲ ದಿನವೇ ಚಿಕ್ಕಪ್ಪನ ದನಗಳನ್ನು ತಡೆದು ಬೈಸಿಕೊಂಡನಂತೆ. ಅರ್ಧ ಮನೆಯವರು ಒಪ್ಪಿದ್ದಾರೆ, ಇನ್ನರ್ಧ ಇನ್ನೂ ಇಲ್ಲ ಎಂದ.

ಅವನ ಜೊತೆ ಅಮ್ಮನೂ ಬಂದಿದ್ದಳು. ದನಗಳು ಹೋದ ಮೇಲೆ ಒಂದು ವರ್ಷ ನನ್ನ ಮೇಲೆ ಮುನಿಸಿಕೊಂಡು, ಹಬ್ಬಕ್ಕೂ ಕರೆಯದೆ ಇದ್ದವಳು. ಒಳಗೆ ಬಂದು ಕೈಕಾಲು ತೊಳೆದು, ನನ್ನನ್ನು ಒಂದು ಮಾತೂ ಕೇಳದೆ ಒಲೆಯ ಮುಂದೆ ಅತ್ತೆಯ ಪಕ್ಕ ಕೂತಳು. ಅನ್ನದ ಪಾತ್ರೆಯೊಳಗೆ ಇಣುಕಿ, "ಕೆಲಸಕ್ಕೆ ಹೋದೋರು ಎಷ್ಟು ಜನ? ಅನ್ನ ಸಾಕಾ, ಇನ್ನೊಂದಿಷ್ಟು ಅಕ್ಕಿ ತೊಳೀಲಾ?" ಎಂದಳು. ಅತ್ತೆ ಅಕ್ಕಿಯ ಮೊರವನ್ನು ಅವಳ ಕಡೆ ಸರಿಸಿದರು.